‘ಪ್ರಿಯಾನ್ ವೈರಸ್’ ಅನ್ನೋದು ಇಲ್ಲ

ಮೊನ್ನೆ ಸುದ್ದಿಯಲ್ಲಿ ಮತ್ತೆ ಕಣ್ಣಿಗೆ ಬಿತ್ತು: ‘ಮಿದುಳು ತಿನ್ನುವ ಪ್ರಿಯಾನ್ ವೈರಸ್’. ಪ್ರಿಯಾನ್ ಅಂದರೆ ಮಿದುಳಿನ ಕಾಯಿಲೆ ತರುವ, ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್, ವೈರಸ್ ಅಲ್ಲ. ಅದಕ್ಕೂ ಮುಂಚೆ ಇನ್ಯಾರೋ ಅದನ್ನು ಬ್ಯಾಕ್ಟೀರಿಯಾ ಮಾಡಿದ್ದರು. ಹುಚ್ಚು ಹಸು ರೋಗದ ಸುದ್ದಿಯಿಂದಾಗಿ ಪದ ಎಲ್ಲರಿಗೂ ಪರಿಚಯವೇ, ಆ ಕಥೆ ಮತ್ತೆ ಬೇಡ. ಆದರೆ ‘ಇದು ವೈರಸ್ ಅಲ್ಲ’ ಅಂತ ಹೇಳೋದಕ್ಕೇ ಹುಟ್ಟಿಸಿದ ಪದದ ಪಕ್ಕ ವೈರಸ್ಸನ್ನೇ ತಂದು ಕೂರಿಸಿದರೆ ಹೇಗೆ?

ಹುಟ್ಟಿಸಿದವರು ಸ್ಟಾನ್ಲಿ ಪ್ರೂಸಿನರ್. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೂ ತರಬೇತಿಯಲ್ಲಿದ್ದ ನರರೋಗ ವೈದ್ಯರು. ಮಿದುಳನ್ನು ಬೇಗ ಕೆಡಿಸುವ ಅಪರೂಪದ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯ ರೋಗಿಯೊಬ್ಬರು ಅವರ ಕೈಗೆ ಬಂದರು. ಆಗ ಇದಕ್ಕೆಲ್ಲ ‘ನಿಧಾನದ ವೈರಸ್’, ಅಂದರೆ ಹೊಕ್ಕು ಎಷ್ಟೋ ಕಾಲದ ಮೇಲೆ ಕಾಯಿಲೆ ತರುವ ವೈರಸ್, ಕಾರಣ ಅನ್ನುತ್ತಿದ್ದರು. ಪ್ರೂಸಿನರ್ ಕೂಡ ಒಂದು ಪುಟ್ಟ ವೈರಸ್ ಸಿಗುತ್ತೆ ಅಂತಲೇ ಹುಡುಕಲು ಹೊರಟವರು. ಕುರಿಗಳಿಗೆ ಬರುವ ಅದೇ ಬಗೆಯ ಮಿದುಳಿನ ಕಾಯಿಲೆ ಸ್ಕ್ರೇಪಿಯ ಸೋಂಕನ್ನು ಹ್ಯಾಮ್‌ಸ್ಟರ್‌ಗಳಲ್ಲಿ ಬೆಳೆಸಿ, ಶುದ್ಧಗೊಳಿಸುತ್ತಾ ಹೋದರು. ಡಿಎನ್‌ಎ, ಆರ್‌ಎನ್‌ಎ ಕತ್ತರಿಸುವ ಕಿಣ್ವ ಹಾಕಿದರೆ ಸೋಂಕಿಗೆ ಏನೂ ಆಗುತ್ತಿರಲಿಲ್ಲ. ಪ್ರೋಟೀನ್ ಕೆಡಿಸುವ ಉಪಾಯ ಮಾಡಿದರೆ ಮಾತ್ರ ಅದು ಕುಗ್ಗುತ್ತಿತ್ತು. ವೈರಸ್ ಅಂದಮೇಲೆ ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ ಇರಲೇಬೇಕು ಅಲ್ವಾ? ಹಾಗಾಗಿ 1982ರಲ್ಲಿ ಹೊಸ ಹೆಸರು.

ಹೆಸರು ಕಟ್ಟಿದ ರೀತಿ ಸ್ವಲ್ಪ ತಮಾಷೆಯದು. ಪ್ರೋಟೀನ್‌ನಿಂದ ‘ಪ್ರೋ’, ಇನ್ಫೆಕ್ಷನ್‌ನಿಂದ ‘ಇನ್’. ಕೂಡಿಸಿದರೆ ‘ಪ್ರೋಇನ್’. ಕಿವಿಗೆ ಹಿತವಾಗಲಿಲ್ಲ, ಸ್ವರಗಳನ್ನು ಅದಲು ಬದಲು ಮಾಡಿದರು, ‘ಪ್ರಿಯಾನ್’ ಆಯಿತು. ನಮ್ಮ ‘ಪ್ರಿಯ’ಕ್ಕೂ ಇದಕ್ಕೂ ನಂಟಿಲ್ಲ. ಹೇಳಬೇಕಾದ್ದು ‘ಪ್ರೀ-ಆನ್’ ಅಂತ. ‘ಪ್ರೈ-ಆನ್’ ಅಂದರೆ ದಕ್ಷಿಣ ಸಮುದ್ರದ ಒಂದು ಸಣ್ಣ ಹಕ್ಕಿ. ಅದರ ಹೆಸರು ಗರಗಸ ಅನ್ನುವ ಗ್ರೀಕ್ ಪದದಿಂದ ಬಂದದ್ದು. ಟಿವಿಯವರು ‘ಪ್ರೈ-ಆನ್’ ಅನ್ನುವುದರಿಂದ ದಿನಾ ಆ ಬಡಪಾಯಿ ಹಕ್ಕಿ ಮಿದುಳು ತಿನ್ನುತ್ತಿರುತ್ತದೆ. ಇನ್ನು ಪಾಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಕಂಡ ‘ಕುರು’ ಕೂಡ ಪ್ರಿಯಾನ್ ಕಾಯಿಲೆಯೇ. ಅದು ಅವರ ಮಾತಿನಲ್ಲಿ ‘ನಡುಕ’. ನಮ್ಮ ಕೀವು ತುಂಬಿದ ಕುರು ಅಲ್ಲ.

ಹಾಗಾದರೆ ಪ್ರಿಯಾನ್ ಏನು? ಜೀವಿ ಅಲ್ಲ, ಒಂದು ಆಕಾರ. ನಮ್ಮೆಲ್ಲರ ನರಕೋಶಗಳ ಮೇಲ್ಮೈಯಲ್ಲಿ ಒಂದು ಸಾಧು ಪ್ರೋಟೀನ್ ಇದೆ, ಬಹುಪಾಲು ಸುರುಳಿ ಸುರುಳಿಯಾಗಿ. ಅದೇ ಪ್ರೋಟೀನ್ ತಪ್ಪಾಗಿ, ಚಪ್ಪಟೆ ಪಟ್ಟಿಗಳಾಗಿ ಮಡಚಿಕೊಂಡರೆ ಪ್ರಿಯಾನ್. ಪಕ್ಕದ ಸರಿಯಾದದ್ದನ್ನೂ ತನ್ನ ಹಾಗೇ ಮಡಚುತ್ತದೆ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಅದೇ. 1993ರಲ್ಲಿ ವಿಜ್ಞಾನಿ ಚಾರ್ಲ್ಸ್ ವೈಸ್‌ಮನ್ ತಂಡ ಆ ಪ್ರೋಟೀನೇ ಇಲ್ಲದ ಇಲಿಗಳಿಗೆ ಸ್ಕ್ರೇಪಿ ಚುಚ್ಚಿ ನೋಡಿತು. ಕಾಯಿಲೆ ಬರಲಿಲ್ಲ. ಕೆಡಿಸೋದಕ್ಕೆ ಸನ್ಯಾಸಿಯೇ ಇರಲಿಲ್ಲ. 1997ರಲ್ಲಿ ಪ್ರೂಸಿನರ್‌ಗೆ ನೊಬೆಲ್ ಬಂತು.

ಆದ್ದರಿಂದ ‘ಪ್ರಿಯಾನ್ ಸಾಯಿಸುವುದು’ ಅನ್ನೋ ಮಾತೂ ನನಗೆ ಕಿರಿಕಿರಿ. ಬದುಕೇ ಇಲ್ಲದ್ದು ಸಾಯೋದೆಲ್ಲಿಂದ? ಆಕಾರ ಕೆಡಿಸಬೇಕು, ಅದೂ ಸುಲಭವಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ 134 ಡಿಗ್ರಿಯ ಒತ್ತಡದ ಹಬೆಯಲ್ಲಿ 18 ನಿಮಿಷ, ಇಲ್ಲವೇ ಗಾಢ ಕಾಸ್ಟಿಕ್ ಸೋಡಾ. ಫಾರ್ಮಲಿನ್‌ನಲ್ಲಿ ಅದ್ದಿಟ್ಟರೂ ಸೋಂಕು ಹೋಗಲ್ಲ. ‘ಅಂಟಿತು’ ಅನ್ನೋದೂ ಎಲ್ಲ ಕಡೆ ಹೊಂದಲ್ಲ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಬಂದ 100 ಜನರಲ್ಲಿ ಸುಮಾರು 85 ಜನರಿಗೆ ಅದು ಯಾರಿಂದಲೂ ಬಂದಿರುವುದಿಲ್ಲ, ಸುಮ್ನೆ ತಾನಾಗಿ ಶುರುವಾಗಿರುತ್ತದೆ.

ಈಚೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಪ್ರಿಯಾನ್ ಮತ್ತು ಮೈಟೋಕಾಂಡ್ರಿಯಾ (ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು) ಎರಡನ್ನೂ ಅಧ್ಯಯನ ಮಾಡುವ ವಿಜ್ಞಾನಿಗಳಿದ್ದಾರೆ ಅಂದ ಕೂಡಲೇ ಪ್ರಿಯಾನ್ ‘ಮೈಟೋಕಾಂಡ್ರಿಯಾ ಕಾಯಿಲೆ’ ಆಗಿಬಿಡುತ್ತದೆ. ಅಲ್ಲ. ಪ್ರಿಯಾನ್ ಪ್ರೋಟೀನಿನ ಜೀನ್ ಇರುವುದು ಕೋಶಕೇಂದ್ರದ 20ನೇ ವರ್ಣತಂತುವಿನಲ್ಲಿ. ಮೈಟೋಕಾಂಡ್ರಿಯಾದ ಸ್ವಂತ 37 ಜೀನ್‌ಗಳಲ್ಲಿ ಅದು ಇಲ್ಲ.

ಎರಡೂ ಒಂದೇ ಮೇಜಿಗೆ ಬಂದದ್ದಕ್ಕೆ ಕಾರಣ ಬೇರೆ. 2003ರಲ್ಲಿ ಲಂಡನ್ನಿನ ವಿಜ್ಞಾನಿ ಜೊವಾನ್ನಾ ಮಲ್ಲುಚ್ಚಿ ಮತ್ತು ಜೊತೆಗಾರರು ಸೋಂಕು ತಗಲಿದ ಇಲಿಗಳ ನರಕೋಶಗಳಲ್ಲಿ ಆ ಪ್ರೋಟೀನ್ ತಯಾರಿಯನ್ನೇ ನಡುವೆ ನಿಲ್ಲಿಸಿದರು. ಸುತ್ತಲಿನ ಬೇರೆ ಕೋಶಗಳಲ್ಲಿ ಪ್ರಿಯಾನ್ ಗುಡ್ಡೆ ಬೀಳುತ್ತಲೇ ಇತ್ತು. ಆದರೂ ಇಲಿಗಳು ಚೆನ್ನಾಗಿದ್ದವು. ಮಿದುಳಿನಲ್ಲಿ ಆಗಲೇ ಶುರುವಾಗಿದ್ದ ಸ್ಪಂಜಿನಂಥ ತೂತುಗಳೂ ಮಾಯವಾದವು. ಅಂದರೆ ರಾಶಿ ಬಿದ್ದ ಮಾತ್ರಕ್ಕೆ ಕೋಶ ಸಾಯಲ್ಲ. ಸಾವಿನ ಲೆಕ್ಕ ನರಕೋಶದ ಒಳಗೆ ನಡೆಯುತ್ತದೆ. ಒಳಗೆ ಕೋಶಕ್ಕೆ ಶಕ್ತಿ ಒದಗಿಸುವುದು ಯಾರು, ‘ಇನ್ನು ಸಾಕು, ಸಾಯಿ’ ಅಂತ ಸೂಚನೆ ಕೊಡುವುದು ಯಾರು ಅಂತ ಹುಡುಕುತ್ತಾ ಹೋದರೆ ಮೈಟೋಕಾಂಡ್ರಿಯಾ ಸಿಗುತ್ತದೆ. ನರಕೋಶದ ಉದ್ದನೆಯ ಎಳೆಯ ತುದಿಗೆ ಶಕ್ತಿ ಬೇಕು ಅಂದರೆ ಮೈಟೋಕಾಂಡ್ರಿಯಾ ಅಲ್ಲಿವರೆಗೆ ಸಾಗಿ ಹೋಗಬೇಕು. ಕಾಯಿಲೆ ಬಿದ್ದ ಇಲಿಗಳ ಮಿದುಳಿನಲ್ಲಿ ಅದರ ಕೆಲಸ ಕುಂಟುವುದನ್ನು ಅಳೆದು ನೋಡಿದ್ದಾರೆ. ಇಲ್ಲಿ ಮೈಟೋಕಾಂಡ್ರಿಯಾ ಪೆಟ್ಟು ತಿನ್ನುವುದು, ಕಾಯಿಲೆ ತರುವುದಲ್ಲ.