512 ಎಂದರೆ ಎಷ್ಟು ಸದ್ದು?

ಬಳ್ಳಾರಿ ಕಡೆಯ ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಧ್ವನಿ ಸಂವೇದಕ ಜೋಡಿಸಿದ ಆರ್ಡುಯಿನೋ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಈಗ ಅಪರೂಪವಲ್ಲ. ಆದರೆ ಪರದೆಯ ಮೇಲೆ ಮೂಡಿದ 512ರ ಮುಂದೆ ‘ಡೆಸಿಬೆಲ್’ ಎಂದು ಬರೆದಿದ್ದರೆ ನನಗೆ ತಡೆಯಲಾಗುವುದಿಲ್ಲ. ಜೆಟ್ ಎಂಜಿನ್ನಿನ ಪಕ್ಕದಲ್ಲಿ ನಿಂತರೂ ಸದ್ದು 140 ಡೆಸಿಬೆಲ್ ಆಸುಪಾಸು!

ಆರ್ಡುಯಿನೋದ ಊನೋ ಬೋರ್ಡು 0ಯಿಂದ 5 ವೋಲ್ಟ್‌ವರೆಗಿನ ಅಂತರವನ್ನು 1024 ಮೆಟ್ಟಿಲುಗಳಾಗಿ ಸೀಳುತ್ತದೆ. 512 ಎಂದರೆ ಆ ಗಳಿಗೆಯಲ್ಲಿ ಪಿನ್ನಿಗೆ ಬಂದ ಎರಡೂವರೆ ವೋಲ್ಟ್, ಅಷ್ಟೇ. 5 ವೋಲ್ಟ್ ಕೊಟ್ಟ ಮ್ಯಾಕ್ಸ್ 4466ರಂಥ ಮೈಕ್ ಆಂಪ್ಲಿಫೈಯರಿನಲ್ಲಿ ಅದು ನಿಶ್ಶಬ್ದದ ಮಟ್ಟ. ಸದ್ದಾದಾಗ ವೋಲ್ಟೇಜು ಅದರ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ನಡುವೆ ಸಿಕ್ಕ ಜೋಕಾಲಿಯ ಒಂದೇ ಫೋಟೋ ನೋಡಿ ಅದು ನಿಂತಿದೆಯೋ ಜೋರಾಗಿ ಜೀಕುತ್ತಿದೆಯೋ ಹೇಳಬಲ್ಲಿರಾ? ಹಾಗಾಗಿ 50 ಮಿಲಿಸೆಕೆಂಡು ಎಡೆಬಿಡದೆ ಓದಿ, ಗರಿಷ್ಠದಿಂದ ಕನಿಷ್ಠವನ್ನು ಕಳೆಯಬೇಕು. 50 ಏಕೆ? ಕಿವಿಗೆ ಕೇಳುವ ಅತಿ ತಗ್ಗಿನ 20 ಹರ್ಟ್ಸ್ ಸ್ವರವೂ ಅಷ್ಟರಲ್ಲಿ ಒಂದು ಸುತ್ತು ಮುಗಿಸುತ್ತದೆ.

ಓದಿದ್ದನ್ನೆಲ್ಲ ಆಗಿಂದಾಗಲೇ ಕಂಪ್ಯೂಟರ್ ಪರದೆಗೆ ಮುದ್ರಿಸುವುದು ಇನ್ನೊಂದು ಚಟ. ಒಂದು ಓದಿಗೆ ಸುಮಾರು 100 ಮೈಕ್ರೋಸೆಕೆಂಡು ಸಾಕು. ಆದರೆ ಕಂಪ್ಯೂಟರಿಗೆ ಕಳಿಸುವಾಗ 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಹೋಗುವುದು 960 ಅಕ್ಷರ. ಮೂರಂಕಿ ಮತ್ತು ಸಾಲು ಮುಗಿಸುವ ಎರಡು ಗುರುತು ಸೇರಿದರೆ 192 ಸಾಲು. 250 ಹರ್ಟ್ಸ್‌ನ ಸ್ವರ ಸುತ್ತಿಗೊಂದು ಓದೂ ಸಿಗದೆ ನುಸುಳಿಕೊಳ್ಳುತ್ತದೆ. ಮೊದಲು ಲೆಕ್ಕ, ಆಮೇಲೆ ಮುದ್ರಣ.

ಇದನ್ನು ಬರೆಯುವಾಗ ನನಗೆ ನೆನಪಾಗುವುದು ಬಳ್ಳಾರಿ ಬಳಿಯ ಕುಪ್ಪಗಲ್ಲು ಬೆಟ್ಟ. ಅಲ್ಲಿನ ಕೆಲವು ಡೊಲೆರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುತ್ತವೆ. ನವಶಿಲಾಯುಗದವರು ಉದ್ದ ಕೊಂಬಿನ ಗೂಳಿಗಳನ್ನು ಕೊರೆದ ಜಾಗದಲ್ಲೇ ಬಡಿದು ಬಡಿದು ಬಿದ್ದ ಗುಳಿಗಳೂ ಇವೆ. ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇದರಲ್ಲಿ ಪವಾಡವೇನೂ ಇಲ್ಲ. ಬಿಗಿಯಾದ ಕಲ್ಲು, ಆಸರೆ ಕಡಿಮೆ, ಆದ್ದರಿಂದ ಕಂಪನ ಬೇಗ ಸಾಯುವುದಿಲ್ಲ. (ದಯವಿಟ್ಟು ಪ್ರಯೋಗಕ್ಕೆಂದು ಅವುಗಳನ್ನು ಬಡಿಯಬೇಡಿ.)

ಮನೆಯ ಜಾಗಟೆಯೇ ಸಾಕು. ಬಾರಿಸಿ, 50 ಮಿಲಿಸೆಕೆಂಡಿಗೊಂದರಂತೆ ಆ ಗರಿಷ್ಠ-ಕನಿಷ್ಠಗಳ ಅಂತರವನ್ನು ಮುದ್ರಿಸಿ: ಅಂಕಿ ಒಮ್ಮೆಲೇ ಜಿಗಿದು ನಿಧಾನವಾಗಿ ಇಳಿಯುತ್ತದೆ. ಅಂಗೈ ಒತ್ತಿ ಬಾರಿಸಿದರೆ ಥಟ್ಟನೆ ಕುಸಿಯುತ್ತದೆ. ಅಂತರ ಅರ್ಧಕ್ಕಿಳಿದರೆ ಸದ್ದು 6 ಡೆಸಿಬೆಲ್ ಇಳಿದಿದೆ ಎನ್ನಬಹುದು. ಒಟ್ಟು ಎಷ್ಟು ಡೆಸಿಬೆಲ್ ಎಂದು ಬರೆಯಬೇಕಾದರೆ ಮಾತ್ರ ಒಂದು ಅಸಲಿ ಧ್ವನಿಮಾಪಕವನ್ನು ಪಕ್ಕದಲ್ಲಿಟ್ಟು ತಾಳೆ ನೋಡಲೇಬೇಕು.