ಪೈಲಟ್ ಹೊಸಬನಿರಬೇಕು ಎನ್ನುವವರಿಗೆ

ದೇವನಹಳ್ಳಿಯಲ್ಲಿ ಬೆಳಗಿನ ಮಂಜು ಕವಿದು ವಿಮಾನವೊಂದು ಚೆನ್ನೈ ಕಡೆ ತಿರುಗಿದರೆ ಸಾಕು, ಒಳಗಿದ್ದವರೆಲ್ಲ ಒಂದೇ ತೀರ್ಪು ಕೊಡುತ್ತಾರೆ: "ಪೈಲಟ್ ಹೊಸಬನಿರಬೇಕು. ಅನುಭವಿಯಾಗಿದ್ದರೆ ಇಳಿಸಿಬಿಡುತ್ತಿದ್ದ." ವಿಮಾನ ಸಂಚಾರ ನಿಯಂತ್ರಣದಲ್ಲಿ ದುಡಿದು ನಿವೃತ್ತನಾದ ನನಗೆ ಮದುವೆ ಮನೆಯ ಪಂಕ್ತಿಯಲ್ಲೂ ಈ ಮಾತು ತಪ್ಪಿದ್ದಲ್ಲ. ಈಚೆಗೆ ಪಕ್ಕದ ಎಲೆಗೆ ಕುಳಿತ ಹಿರಿಯರೊಬ್ಬರು ತುಪ್ಪ ಬಡಿಸುವ ಹುಡುಗನನ್ನು ತಡೆದು ನಿಲ್ಲಿಸಿಕೊಂಡು ಇದೇ ವಾದ ಹೂಡಿದರು. ನನ್ನ ಹೋಳಿಗೆಗೆ ತುಪ್ಪ ಬರಲೇ ಇಲ್ಲ.

ಇಂಥವರಿಗೆ ನಾನು ಹೇಳುವ ಹೆಸರು ಡಚ್ ಪೈಲಟ್ ಪಾರ್ಮೆಂಟಿಯರ್ ಅವರದು. 1934ರ ಲಂಡನ್–ಮೆಲ್ಬರ್ನ್ ವಿಮಾನ ಪಂದ್ಯದಲ್ಲಿ ಅವರು ಕೆಎಲ್‌ಎಂ ಎಂಬ ಡಚ್ ವಿಮಾನ ಸಂಸ್ಥೆಯ ಡಿಸಿ-2 ವಿಮಾನವನ್ನು ಪ್ರಯಾಣಿಕರ ಸಮೇತ ಹಾರಿಸಿ ಎರಡನೆಯವರಾಗಿ ಗುರಿ ಮುಟ್ಟಿದರು. ಕೊನೆಯ ರಾತ್ರಿ ಆಸ್ಟ್ರೇಲಿಯದ ಗುಡುಗು ಮಳೆಯಲ್ಲಿ ದಾರಿ ತಪ್ಪಿದಾಗ ಕೆಳಗಿದ್ದದ್ದು ಆಲ್ಬರಿ ಎಂಬ ಪಟ್ಟಣ. ಅಲ್ಲಿಯವರು ಊರಿನ ದೀಪಗಳನ್ನೇ ಆರಿಸಿ ಹೊತ್ತಿಸಿ ಮೋರ್ಸ್ ಸಂಕೇತದಲ್ಲಿ ಊರಿನ ಹೆಸರು ತೋರಿಸಿದರು. ರೇಡಿಯೊದಲ್ಲಿ ಕರೆ ಕೇಳಿದವರು ಕಾರು ಹತ್ತಿ ಕುದುರೆ ಪಂದ್ಯದ ಮೈದಾನಕ್ಕೆ ಧಾವಿಸಿ ಹೆಡ್‌ಲೈಟ್ ಹಾಕಿ ನಿಂತರು. ಆ ಬೆಳಕಿನಲ್ಲೇ ವಿಮಾನ ಇಳಿಯಿತು. ಕೆಸರಿನಲ್ಲಿ ಹೂತ ಚಕ್ರಗಳನ್ನು ಬೆಳಿಗ್ಗೆ ಊರವರೇ ಎಳೆದು ಬಿಡಿಸಿದರು. ಅನುಭವಿ ಎಂದರೆ ಇನ್ನೆಂಥವರು ಬೇಕು?

1948ರ ಅಕ್ಟೋಬರ್ 20ರ ರಾತ್ರಿ ಇದೇ ಪಾರ್ಮೆಂಟಿಯರ್ 'ನೈಮೇಗನ್' ಹೆಸರಿನ ಕಾನ್‌ಸ್ಟೆಲೇಷನ್ ವಿಮಾನದಲ್ಲಿ ಆಮ್‌ಸ್ಟರ್‌ಡ್ಯಾಮ್ ಬಿಟ್ಟರು. ನ್ಯೂಯಾರ್ಕ್ ದಾರಿಯಲ್ಲಿ ಮೊದಲ ನಿಲುಗಡೆ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್. ಮಂಜು ಕವಿಯದ ನಿಲ್ದಾಣ ಎಂದೇ ಅದಕ್ಕೆ ಹೆಸರು! ಮುನ್ಸೂಚನೆಯೂ ಅಂಥ ಗಾಬರಿಯ ಮಾತು ಹೇಳಿರಲಿಲ್ಲ. ಆದರೆ ಸರಕು ಹೇರುವುದರಲ್ಲಿ ಹೊರಡುವುದು ತಡವಾಯಿತು. ಅಷ್ಟರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಮೋಡ ಕೆಳಗಿಳಿಯತೊಡಗಿತ್ತು, ಆ ಸುದ್ದಿ ಪಾರ್ಮೆಂಟಿಯರ್ ಅವರಿಗೆ ಸರಿಯಾಗಿ ಮುಟ್ಟಲಿಲ್ಲ.

ರಡಾರ್ ನೋಡಿ ಕೆಳಗಿನಿಂದ ದಾರಿ ಹೇಳಿ ಇಳಿಸುವ ವ್ಯವಸ್ಥೆ ಇದ್ದದ್ದು ಮುಖ್ಯ ರನ್‌ವೇಗೆ ಮಾತ್ರ. ಅಲ್ಲಿ ಅಡ್ಡಗಾಳಿ ಜೋರಾಗಿತ್ತು. ಹಾಗಾಗಿ ಅವರು ಇಳಿಯದೆ ಮೇಲೆದ್ದು, ಇನ್ನೊಂದು ರನ್‌ವೇಗೆ ಕಣ್ಣಳತೆಯಲ್ಲೇ ಸುತ್ತು ಹಾಕಿ ಬರಲು ಹೊರಟರು. ಸುತ್ತಿನ ನಡುವೆ ಮೋಡ ಮುಸುಕಿತು. ಕೈಯಲ್ಲಿದ್ದ ನಕ್ಷೆ ಆ ಕಡೆಯ ನೆಲವನ್ನು ಇದ್ದದ್ದಕ್ಕಿಂತ ಬಹಳ ತಗ್ಗೆಂದು ತೋರಿಸುತ್ತಿತ್ತು. ನಿಜದಲ್ಲಿ ಅಲ್ಲಿ ಸುಮಾರು 450 ಅಡಿ ಎತ್ತರದಲ್ಲಿ ಹೈಟೆನ್ಷನ್ ತಂತಿಗಳು ಹಾದುಹೋಗಿದ್ದವು. ತಂತಿಗೆ ತಗುಲಿ ಬೆಂಕಿ ಹೊತ್ತಿಕೊಂಡ ವಿಮಾನ ನಿಲ್ದಾಣದಿಂದ ಕೆಲವೇ ಮೈಲಿ ದೂರದಲ್ಲಿ ಬಿತ್ತು. ಒಳಗಿದ್ದ 40 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ತಡವಾಗಿ ಹೊರಟದ್ದೇ ಕಾರಣ, ನಕ್ಷೆಯೇ ಕಾರಣ ಎಂದು ನಾನು ಒಂದರತ್ತ ಬೆರಳು ಮಾಡಲಾರೆ. ಅಪಘಾತಕ್ಕೆ ಒಂದೇ ಕಾರಣ ಹುಡುಕುವುದು ನಮ್ಮ ವೃತ್ತಿಯಲ್ಲಿ ಸಲ್ಲದು. ಆದರೆ ಇಷ್ಟು ಹೇಳಬಹುದು: ಆ ರಾತ್ರಿ ಕೊರತೆಯಾದದ್ದು ಅನುಭವವಲ್ಲ, ಆ ಹೊತ್ತಿನ ಮಾಹಿತಿ. ಜನರಿಗೆ ತಿಳಿಯದಿರುವುದು ಇದೇ. ಹವಾಮಾನ ವರದಿ ಅದನ್ನು ಬರೆದ ಗಳಿಗೆಗೆ ಮಾತ್ರ ನಿಜ. ಒಲೆಯ ಮೇಲಿನ ಹಾಲನ್ನು ಹತ್ತು ನಿಮಿಷದ ಹಿಂದೆ ನೋಡಿ ಬಂದು 'ಉಕ್ಕಿಲ್ಲ' ಎಂದರೆ ಯಾವ ಗೃಹಿಣಿ ನಂಬುತ್ತಾಳೆ? ಮಂಜೂ ಹಾಗೆಯೇ. ನಿಮಗಿಂತ ಮುಂಚೆ ಬಂದವನಿಗೆ ರನ್‌ವೇ ಕಂಡಿರಬಹುದು, ನಿಮ್ಮ ಸರದಿಗೆ ಮುಚ್ಚಿರಬಹುದು. ಇಲ್ಲವೇ ಅವನ ವಿಮಾನಕ್ಕೂ ಸಿಬ್ಬಂದಿಗೂ ದಟ್ಟ ಮಂಜಿನಲ್ಲಿ ಇಳಿಯುವ ಅರ್ಹತೆ ಇದ್ದಿರಬಹುದು, ನಿಮ್ಮವರಿಗೆ ಇಲ್ಲದಿರಬಹುದು.

ಅದಕ್ಕೇ ನಿರ್ಧಾರದ ಎತ್ತರ ಎಂಬುದೊಂದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಉಪಕರಣಗಳ ಸೂಚನೆ ನೋಡಿಕೊಂಡು ಇಳಿಯುವ ಸಾಮಾನ್ಯ ವಿಧಾನದಲ್ಲಿ ಅದು ನೆಲದಿಂದ 200 ಅಡಿ. ಅಲ್ಲಿಗೆ ಬಂದಾಗಲೂ ರನ್‌ವೆಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮೇಲೇರಲೇಬೇಕು. ಚಕ್ರ ನೆಲ ಮುಟ್ಟಲು ಆಗ ಉಳಿದಿರುವುದು ಸುಮಾರು ಹದಿನೈದು ಸೆಕೆಂಡು. 'ಇನ್ನೊಂದು ಚೂರು ಇಳಿದು ನೋಡೋಣ' ಎನ್ನುವುದಕ್ಕೆ ಅಲ್ಲಿ ಎಡೆಯೇ ಇಲ್ಲ. ಪಾರ್ಮೆಂಟಿಯರ್ ಹಾಕಿದಂಥ ಸುತ್ತಿಗೂ ಈಗ ನಿಯಮ ಕಟ್ಟುನಿಟ್ಟು: ರನ್‌ವೇ ಕಣ್ಣು ತಪ್ಪಿದೊಡನೆ ಸುತ್ತು ಮುಗಿಸಲು ನೋಡದೆ ಮೇಲೇರಬೇಕು.

ಇನ್ನು ವರದಿಯ ವಿಷಯ. ಈಗ ದೊಡ್ಡ ನಿಲ್ದಾಣಗಳಲ್ಲಿ ಹವಾಮಾನದ ಪ್ರತಿ ಹೊಸ ಪ್ರಸಾರಕ್ಕೂ ಆಲ್ಫಾ, ಬ್ರಾವೊ, ಚಾರ್ಲಿ ಎಂದು ಮುಂದಿನ ಅಕ್ಷರದ ಗುರುತಿರುತ್ತದೆ. ಪೈಲಟ್ ಮೊದಲ ಕರೆಯಲ್ಲೇ ತನ್ನ ಬಳಿ ಯಾವುದಿದೆ ಎಂದು ಹೇಳಬೇಕು. ಹಳೆಯದನ್ನು ಹೇಳಿದರೆ ನಾವು ಹೊಸದನ್ನು ತಿಳಿಸುತ್ತೇವೆ. ಅದಾದ ಮೇಲೂ ಕೆಳಗಿಳಿಯುತ್ತಾ "ಈಗ ಗೋಚರತೆ ಎಷ್ಟಿದೆ?" ಎಂದು ಮತ್ತೆ ಮತ್ತೆ ಕೇಳಿ ನಮ್ಮನ್ನು ಕಾಡುತ್ತಿದ್ದವರು, ನನ್ನ ಕಾಲದಲ್ಲಂತೂ, ಹೆಚ್ಚಾಗಿ ತಲೆ ನರೆತ ಕ್ಯಾಪ್ಟನ್‌ಗಳೇ. ಹೊಸಬರು ಕೇಳಲು ಸಂಕೋಚಪಡುತ್ತಿದ್ದರು.