ಆಲಿಕಲ್ಲು ಎಷ್ಟು ದಪ್ಪ ಇತ್ತು? ಅಳೆದು ಹೇಳಿ

ಬಿರುಗಾಳಿ ಮಳೆ ಶುರುವಾದರೆ ನನ್ನ ಮುಂದೆ ಎರಡು ಪರದೆ ತೆರೆದಿರುತ್ತವೆ. ಒಂದರಲ್ಲಿ ರೇಡಾರ್ ಚಿತ್ರ. ಇನ್ನೊಂದರಲ್ಲಿ ಊರೂರಿನ ಜನ ಆನ್‌ಲೈನ್‌ನಲ್ಲಿ ಕಳಿಸುವ ವರದಿಗಳು. ಇಲ್ಲಿ ಆಲಿಕಲ್ಲು ಬಿತ್ತು, ಇಲ್ಲಿ ಮರ ಉರುಳಿತು, ಇಲ್ಲಿ ರಸ್ತೆ ಮೇಲೆ ನೀರು ಹರಿಯುತ್ತಿದೆ. ಟೆಕ್ಸಾಸ್‌ನಲ್ಲಿ ಕೂತು ಇವೆರಡನ್ನೂ ತಾಳೆ ನೋಡುವುದು ನನ್ನ ಕೆಲಸ. "ಇಷ್ಟೆಲ್ಲ ರೇಡಾರ್, ಉಪಗ್ರಹ ಇರುವಾಗ ಜನ ಯಾಕೆ ಬೇಕು?" ಅಂತ ಊರಿಗೆ ಬಂದಾಗ ಕೇಳುತ್ತಾರೆ. ಬೇಕೇ ಬೇಕು.

ರೇಡಾರ್ ಕಿರಣವನ್ನು ನೆಲಮಟ್ಟಕ್ಕಿಂತ ಅರ್ಧ ಡಿಗ್ರಿಯಷ್ಟು ಎತ್ತಿ ಬಿಡುತ್ತಾರೆ. ಭೂಮಿ ಗುಂಡಗಿದೆ, ಕಿರಣ ಮಾತ್ರ ಅದರಷ್ಟು ಬಾಗುವುದಿಲ್ಲ. 100 ಕಿಲೋಮೀಟರ್ ಹೋಗುವಷ್ಟರಲ್ಲಿ ಅದು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. 200 ಕಿಲೋಮೀಟರ್ ದಾಟಿದರೆ ನಾಲ್ಕು ಕಿಲೋಮೀಟರ್ ಮೇಲೆ. ಮೋಡದೊಳಗೆ ಗಾಳಿ ಸುತ್ತುತ್ತಿರುವುದು ಅದಕ್ಕೆ ಗೊತ್ತಾಗುತ್ತದೆ. ಆದರೆ ಅಷ್ಟು ದೂರದಿಂದ ಸುಂಟರಗಾಳಿ ನೆಲ ಮುಟ್ಟಿತೋ ಇಲ್ಲವೋ ಕಾಣುವುದಿಲ್ಲ. ಮೇಲೆ ಕಂಡ ಆಲಿಕಲ್ಲು ಬೀಳುವಷ್ಟರಲ್ಲಿ ಕರಗಿತೋ, ಕಾರಿನ ಗಾಜು ಒಡೆಯಿತೋ, ಅಲ್ಲೇ ಇದ್ದವರು ಹೇಳಬೇಕು.

ಅಮೆರಿಕದಲ್ಲಿ ಹೀಗೆ ನೋಡಿ ಹೇಳುವವರಿಗಾಗಿ ಸ್ಕೈವಾರ್ನ್ ಅನ್ನುವ ವ್ಯವಸ್ಥೆ ಇದೆ. 1965ರ ಏಪ್ರಿಲ್ 11, ಪಾಮ್ ಸಂಡೇ ದಿನ ಸಾಲುಸಾಲಾಗಿ ಸುಂಟರಗಾಳಿ ಎದ್ದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರ ಕಟ್ಟಿದ್ದು ಇದು. ಇವತ್ತು ಮೂರೂವರೆ ಲಕ್ಷಕ್ಕೂ ಜಾಸ್ತಿ ತರಬೇತಾದ ಸ್ವಯಂಸೇವಕರಿದ್ದಾರೆ. ತರಬೇತಿ ಉಚಿತ. ಮೊದಲೆಲ್ಲ ಫೋನ್ ಮತ್ತು ಹ್ಯಾಮ್ ರೇಡಿಯೋ (ಹವ್ಯಾಸಿಗಳ ರೇಡಿಯೋ) ಮೂಲಕ ಹೇಳುತ್ತಿದ್ದರು, ಈಗ ಬಹಳಷ್ಟು ವರದಿ ಆನ್‌ಲೈನ್‌ನಲ್ಲೇ ಬರುತ್ತದೆ. ಸ್ಪಾಟರ್ ನೆಟ್‌ವರ್ಕ್ ಅನ್ನುವ ಇನ್ನೊಂದು ಸ್ವಯಂಸೇವಾ ವ್ಯವಸ್ಥೆಯೂ ಇದೆ. ಆನ್‌ಲೈನ್ ಪಾಠ ಓದಿ ಪರೀಕ್ಷೆ ಪಾಸಾದರೆ ಮಾತ್ರ ಅಲ್ಲಿ ವರದಿ ಹಾಕಲು ಬಿಡುತ್ತಾರೆ. ಈ ಪರೀಕ್ಷೆ ನನಗೆ ತುಂಬಾ ಇಷ್ಟವಾದ ಏರ್ಪಾಡು. ಕೆಳಗೆ ಜೋತುಬಿದ್ದ ಹರಕು ಮೋಡವನ್ನು ನೋಡಿ ಸುಂಟರಗಾಳಿ ಅಂದುಕೊಳ್ಳುವುದು ಬಹಳ ಸಾಮಾನ್ಯ. ಒಂದೆರಡು ನಿಮಿಷ ನೋಡಿ, ನಿಜವಾಗಿ ತಿರುಗುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದನ್ನು ಕಲಿತವರ ವರದಿಯ ತೂಕವೇ ಬೇರೆ.

ವರದಿಗಳಲ್ಲಿ ಜಾಸ್ತಿ ಎಡವಟ್ಟಾಗುವುದು ಜಾಗದ ವಿಷಯದಲ್ಲಿ. ಮೊಬೈಲ್‌ನ ಜಿಪಿಎಸ್ ಹೇಳುವುದು ನೋಡಿದವರು ಎಲ್ಲಿದ್ದಾರೆ ಅನ್ನುವುದನ್ನು. ಅವರಿಗೆ ಕಂಡ ಸುಂಟರಗಾಳಿ ಪಶ್ಚಿಮಕ್ಕೆ ಎಂಟು ಕಿಲೋಮೀಟರ್ ಆಚೆ ಇರಬಹುದು. ಯಾವ ದಿಕ್ಕು, ಅಂದಾಜು ಎಷ್ಟು ದೂರ ಅಂತ ಕೇಳದಿದ್ದರೆ ನಕ್ಷೆಯಲ್ಲಿ ಚುಕ್ಕೆ ಬೇರೆ ಊರಿನ ಮೇಲೆ ಕೂರುತ್ತದೆ. ಹೊತ್ತಿನ ಕಥೆಯೂ ಇದೇ. ಮಳೆ ನಿಂತ ಮೇಲೆ, ಕಾರು ನೋಡಿ, ಚಹಾ ಕುಡಿದು ಫೋಟೋ ಹಾಕುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಮೋಡ ಇಪ್ಪತ್ತು ನಿಮಿಷದಲ್ಲಿ 20 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ "ಕಳಿಸಿದ್ದು ಯಾವಾಗ" ಅನ್ನುವುದರ ಪಕ್ಕದಲ್ಲೇ "ಕಂಡದ್ದು ಯಾವಾಗ" ಅನ್ನುವ ಕಾಲಂ ಇರಲೇಬೇಕು.

ಇನ್ನು ಆಲಿಕಲ್ಲು. ಡಲ್ಲಾಸ್ ಕಡೆಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೆ ಪ್ರತಿ ವಸಂತದಲ್ಲೂ ಅಂಗೈಯಲ್ಲಿ ಹಿಡಿದ ಆಲಿಕಲ್ಲಿನ ಫೋಟೋ ಬರುತ್ತದೆ. "ಸರ್, ಗೋಲಿ ಗಾತ್ರ", "ಅಣ್ಣಾ, ನಿಂಬೆಹಣ್ಣಿನಷ್ಟು!" ಅಂತ ಬರೆದಿರುತ್ತಾರೆ. ಯಾವ ಗೋಲಿ? ಯಾವ ನಿಂಬೆಹಣ್ಣು? ಗೋಲಿ ಚಿಕ್ಕದೂ ಇರುತ್ತದೆ, ದೊಡ್ಡದೂ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯೂ ಇದೇ ಕಾರಣಕ್ಕೆ ಗೋಲಿಗೆ ಹೋಲಿಸಬೇಡಿ ಅನ್ನುತ್ತದೆ. ನಾಣ್ಯವೋ ಗಾಲ್ಫ್ ಚೆಂಡೋ ಆದರೆ ಅಳತೆ ಎಲ್ಲ ಕಡೆ ಒಂದೇ. ಕ್ವಾರ್ಟರ್, ಅಂದರೆ ಇಲ್ಲಿಯ 25 ಸೆಂಟ್ ನಾಣ್ಯ ಸುಮಾರು 2.4 ಸೆಂಟಿಮೀಟರ್, ಗಾಲ್ಫ್ ಚೆಂಡು ಸುಮಾರು 4.3. ಇಷ್ಟು ಸೂಕ್ಷ್ಮ ಯಾಕೆ ಅಂದರೆ, 2010ರಿಂದ ಇಲ್ಲಿ ಆಲಿಕಲ್ಲಿನ ಮಟ್ಟಿಗೆ ಒಂದು ಇಂಚು, ಅಂದರೆ ಎರಡೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ದಪ್ಪ ಕಲ್ಲು ಬಿದ್ದರಷ್ಟೇ ಅದನ್ನು ತೀವ್ರ ಬಿರುಮಳೆ ಅಂತ ಲೆಕ್ಕ ಹಾಕುತ್ತಾರೆ. ಮೊದಲು ಮುಕ್ಕಾಲು ಇಂಚು ಸಾಕಿತ್ತು. ಎಚ್ಚರಿಕೆ ಕೊಡಬೇಕೋ ಬೇಡವೋ ಅನ್ನುವ ತೀರ್ಮಾನ ಅರ್ಧ ಸೆಂಟಿಮೀಟರ್ ಮೇಲೆ ನಿಂತಿರಬಹುದು.

ನಾನು ಎಲ್ಲರಿಗೂ ಹೇಳುವುದು ಇಷ್ಟು. ಕಲ್ಲು ಬೀಳುವಾಗ ಹೊರಗೆ ಓಡಬೇಡಿ. ನಿಂತ ಮೇಲೆ ದೊಡ್ಡದೊಂದನ್ನು ಆರಿಸಿ, ಸ್ಕೇಲ್ ಪಕ್ಕದಲ್ಲಿಟ್ಟು, ಅತಿ ಅಗಲವಾದ ಕಡೆ ಅಳೆಯಿರಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಸ್ಕೇಲ್ ಸಿಗದಿದ್ದರೆ ಫ್ರೀಜರ್‌ನಲ್ಲಿಡಿ. 2010ರ ಜುಲೈನಲ್ಲಿ ದಕ್ಷಿಣ ಡಕೋಟಾದ ವಿವಿಯನ್‌ನಲ್ಲಿ ಬಿದ್ದ ಕಲ್ಲು 20 ಸೆಂಟಿಮೀಟರ್ ಅಗಲ, ಹೆಚ್ಚುಕಡಿಮೆ 880 ಗ್ರಾಂ ತೂಕ ಇತ್ತು. ಸಿಕ್ಕವರು ಫ್ರೀಜರ್‌ನಲ್ಲಿಟ್ಟಿದ್ದರಿಂದ ಆ ದಾಖಲೆ ಉಳಿಯಿತು. ಅಳೆಯಲು ಆಗಲಿಲ್ಲವಾ? "ಅಂದಾಜು" ಅಂತ ಬರೆಯಿರಿ. ಅಂದಾಜು ಅಂತ ಗೊತ್ತಿದ್ದರೆ ಅದನ್ನೂ ನಾವು ಬಳಸಿಕೊಳ್ಳುತ್ತೇವೆ. ಗಾಳಿಯ ವೇಗ ಹೇಳುವಾಗಲಂತೂ ಜನ ಯಾವಾಗಲೂ ಜಾಸ್ತಿಯೇ ಹೇಳುತ್ತಾರೆ. ಅದಕ್ಕಿಂತ ಎಷ್ಟು ದಪ್ಪದ ಕೊಂಬೆ ಮುರಿಯಿತು, ಮರ ಒಣಗಿತ್ತಾ ಹಸಿಯಿತ್ತಾ ಅಂತ ಬರೆದರೆ ನಮಗೆ ಅನುಕೂಲ.

ಏನೂ ಆಗಲಿಲ್ಲ ಅನ್ನುವ ವರದಿಯೂ ಬೇಕು. 1997ರ ಜುಲೈ 28ರ ರಾತ್ರಿ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ದಿಢೀರ್ ಪ್ರವಾಹ ಬಂದು ಐದು ಜನ ಸತ್ತರು. ಊರಿನ ಒಂದು ಕಡೆ 35 ಸೆಂಟಿಮೀಟರ್‌ಗೂ ಜಾಸ್ತಿ ಮಳೆ, ಇನ್ನೊಂದು ಕಡೆ ಐದೂ ಇಲ್ಲ. ಮರುವರ್ಷ ಅಲ್ಲಿಯ ವಿಶ್ವವಿದ್ಯಾಲಯದವರು ಕೊಕೊರಾಸ್ ಅನ್ನುವ ಸ್ವಯಂಸೇವಕರ ಜಾಲ ಶುರು ಮಾಡಿದರು. ಮನೆಯ ಹಿತ್ತಲಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಗ್ಗೆ ಓದಿ, ಆನ್‌ಲೈನ್‌ನಲ್ಲಿ ಹಾಕುವುದು. ಮಳೆ ಬರದ ದಿನ ಸೊನ್ನೆ ಹಾಕಿ ಅಂತ ಅವರು ಬೆನ್ನು ಹತ್ತಿ ಹೇಳುತ್ತಾರೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಮನೆಯವರು ಊರಲ್ಲಿರಲಿಲ್ಲವೋ ಗೊತ್ತಾಗಬೇಕಲ್ವಾ?

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ವರದಿಗೋಸ್ಕರ ಸುಂಟರಗಾಳಿಯ ಹತ್ತಿರ ಹೋಗಬೇಡಿ. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೋದಲ್ಲಿ ಎದ್ದ ಸುಂಟರಗಾಳಿ 4 ಕಿಲೋಮೀಟರ್‌ಗೂ ಹೆಚ್ಚು ಅಗಲಕ್ಕೆ ಹರಡಿ ದಿಕ್ಕು ಬದಲಿಸಿತು. ಟಿಮ್ ಸಮರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಹೋಗಿಬಿಟ್ಟರು. ಸುಂಟರಗಾಳಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಅವರು. ಮನೆಯ ಕಿಟಕಿಯಿಂದ, ಸುರಕ್ಷಿತ ಜಾಗದಿಂದ ಕಂಡಷ್ಟನ್ನು ಹೇಳಿದರೆ ಸಾಕು.

ನಮ್ಮ ಕರ್ನಾಟಕದಲ್ಲಿ ಮಳೆ ಅಳೆಯುವ ಏರ್ಪಾಡು ನಿಜಕ್ಕೂ ಹೆಮ್ಮೆಪಡುವಂಥದ್ದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಆದರೆ ಮಳೆಮಾಪಕಕ್ಕೆ ಆಲಿಕಲ್ಲಿನ ಗಾತ್ರ ಗೊತ್ತಾಗುವುದಿಲ್ಲ. ವಿಜಯಪುರದ ದ್ರಾಕ್ಷಿ ತೋಟಕ್ಕೆ ಬೇಸಿಗೆಯಲ್ಲಿ ಕಲ್ಲು ಬಿದ್ದಾಗ ನಮಗೆ ಸಿಗುವುದು ವಾಟ್ಸ್ಆ್ಯಪ್ ವಿಡಿಯೋ. ಊರಿಲ್ಲ, ಹೊತ್ತಿಲ್ಲ. ಅದೇ ವಿಡಿಯೋ ಮುಂದಿನ ವರ್ಷ ಇನ್ಯಾವುದೋ ಜಿಲ್ಲೆಯ ಹೆಸರಲ್ಲಿ ಓಡಾಡುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಿಂದ ಬೆಳೆ ಹಾಳಾದರೆ ರೈತರು 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ನಿಯಮವಿದೆ. ಹಾಗೆ ತಿಳಿಸುವಾಗಲೇ ಕಲ್ಲಿನ ಅಗಲ, ಬಿದ್ದ ಹೊತ್ತು, ಎಷ್ಟು ನಿಮಿಷ ಬಿತ್ತು ಅನ್ನುವುದೂ ದಾಖಲಾಗಿ, ಆ ಮಾಹಿತಿ ಹವಾಮಾನದವರಿಗೂ ಸಿಕ್ಕರೆ ರೇಡಾರ್‌ನಲ್ಲಿ ಕಂಡದ್ದನ್ನು ತಾಳೆ ನೋಡಬಹುದು. ಪ್ರತಿ ಪಂಚಾಯಿತಿಗೆ ಇಬ್ಬರು ಶಾಲಾ ಮೇಷ್ಟ್ರು, ಒಂದು ಸ್ಕೇಲ್, ಐದು ಪ್ರಶ್ನೆಯ ಫಾರಂ. ಮೊದಲ ಹಂಗಾಮಿಗೆ ವಿಜಯಪುರ ಒಂದೇ ಜಿಲ್ಲೆಯಲ್ಲಿ ಮಾಡಿ ನೋಡಬಹುದು.